ನರದ ನೋವಿನ ಮಾತ್ರೆಗಳನ್ನು ಸುರಕ್ಷಿತವಾಗಿ ಸೇವಿಸುವ ಬಗೆ

ಪಾದಗಳಲ್ಲಿ ಕೆಂಡ ತುಳಿದಂತಹ ಉರಿ, ಬೆರಳ ತುದಿಗಳಲ್ಲಿ ಸೂಜಿ ಚುಚ್ಚಿದಂತಹ ಜುಮುಜುಮು, ಸರ್ಪಸುತ್ತಿನ ಗುಳ್ಳೆಗಳು ಒಣಗಿ ತಿಂಗಳುಗಳಾದರೂ ಪಕ್ಕೆಯಲ್ಲಿ ಉಳಿದು ಅಂಗಿಯ ಬಟ್ಟೆ ತಾಗಿದರೂ ಕೆರಳುವ ನೋವು, ಮುಖ ತೊಳೆಯುವಾಗ ದವಡೆಯಲ್ಲಿ ಕರೆಂಟು ಹೊಡೆದಂತೆ ಹಾದುಹೋಗುವ ಸೆಳೆತ, ಇವೆಲ್ಲ ನರಕ್ಕೇ ಆದ ಹಾನಿಯಿಂದ ಹುಟ್ಟುವ ನೋವುಗಳು. ಕಾಲು ಉಳುಕಿದಾಗ ಅಥವಾ ಹಲ್ಲು ನೋಯುವಾಗ ನುಂಗುವ ಪ್ಯಾರಸಿಟಮಾಲ್, ಡೈಕ್ಲೊಫೆನಾಕ್, ಐಬುಪ್ರೊಫೆನ್‌ಗಳು ಇಂತಹ ನೋವಿಗೆ ಹೆಚ್ಚೇನೂ ಮಾಡಲಾರವು. ಆದ್ದರಿಂದ ವೈದ್ಯರು ಬೇರೆ ಗುಂಪಿನ ಔಷಧಗಳನ್ನು ಬರೆಯುತ್ತಾರೆ. ಮೂರ್ಛೆರೋಗದ ಚಿಕಿತ್ಸೆಯಲ್ಲೂ ಬಳಕೆಯಾಗುವ ಗ್ಯಾಬಾಪೆಂಟಿನ್, ಪ್ರೀಗ್ಯಾಬಲಿನ್ ಮತ್ತು ಕಾರ್ಬಮಜೆಪಿನ್, ಖಿನ್ನತೆಗೂ ಕೊಡುವ ಅಮಿಟ್ರಿಪ್ಟಿಲಿನ್, ನಾರ್ಟ್ರಿಪ್ಟಿಲಿನ್ ಮತ್ತು ಡುಲಾಕ್ಸೆಟಿನ್ ಇವುಗಳಲ್ಲಿ ಮುಖ್ಯವಾದವು.

ಚೀಟಿಯಲ್ಲಿರುವ ಹೆಸರನ್ನು ಮೊಬೈಲಿನಲ್ಲಿ ಹುಡುಕಿ, ಅದು ಫಿಟ್ಸ್‌ಗೆ ಕೊಡುವ ಮಾತ್ರೆ ಅಥವಾ ಮಾನಸಿಕ ಕಾಯಿಲೆಗೆ ಕೊಡುವ ಮಾತ್ರೆ ಎಂದು ಓದಿ ಗಾಬರಿಯಾಗಿ, ವೈದ್ಯರಿಗೂ ಹೇಳದೆ ನಿಲ್ಲಿಸಿಬಿಡುವವರು ಇದ್ದಾರೆ. ಗಾಬರಿಗೆ ಕಾರಣವಿಲ್ಲ. ಅತಿಯಾಗಿ ಉದ್ರೇಕಗೊಂಡ ನರಗಳನ್ನು ತಣಿಸುವ ಗುಣ ಈ ಔಷಧಗಳಿಗೆ ಇರುವುದರಿಂದಲೇ ಅವು ನೋವಿಗೂ ಉಪಯೋಗಕ್ಕೆ ಬಂದಿವೆ. ಪ್ರೀಗ್ಯಾಬಲಿನ್ ಮತ್ತು ಗ್ಯಾಬಾಪೆಂಟಿನ್‌ಗಳು ನರಕೋಶಕ್ಕೆ ಕ್ಯಾಲ್ಸಿಯಂ ಒಳಹೋಗುವ ದಾರಿಯ ಒಂದು ಭಾಗಕ್ಕೆ ಅಂಟಿಕೊಂಡು, ನೋವಿನ ಸಂದೇಶ ಒಂದು ನರದಿಂದ ಇನ್ನೊಂದಕ್ಕೆ ದಾಟುವುದನ್ನು ಕಡಿಮೆ ಮಾಡುತ್ತವೆ. ಆದರೆ ಇದೇ ಗುಣದಿಂದ ಅವು ಮಿದುಳಿನ ಮೇಲೂ ಕೆಲಸ ಮಾಡುತ್ತವೆ. ನಿದ್ದೆ, ಎಚ್ಚರ, ನಡೆಯುವಾಗಿನ ಹಿಡಿತ ಮತ್ತು ಕೆಲವರಲ್ಲಿ ಉಸಿರಾಟದ ಮೇಲೂ ಅವುಗಳ ಪ್ರಭಾವವಿರುತ್ತದೆ. ಈ ಬರಹದ ಎಚ್ಚರಿಕೆಗಳೆಲ್ಲ ಹೊರಡುವುದು ಈ ಒಂದು ಸಂಗತಿಯಿಂದಲೇ. ನೋವು ಬಂದಾಗ ಒಂದು ನುಂಗಿ, ಹೋದಾಗ ಬಿಡುವ ಮಾತ್ರೆಗಳಲ್ಲ ಇವು. ನಿಧಾನವಾಗಿ ಏರಿಸಿ, ನಿಯಮಿತವಾಗಿ ತೆಗೆದುಕೊಂಡು, ನಿಧಾನವಾಗಿಯೇ ಇಳಿಸಬೇಕಾದ ಮಾತ್ರೆಗಳು.

ನಿರೀಕ್ಷೆಯೂ ಸರಿಯಾದ ಅಳತೆಯಲ್ಲಿರಬೇಕು. ಸಕ್ಕರೆ ಕಾಯಿಲೆಯಿಂದ ಬಂದ ನರದ ನೋವಿಗೆ ಸರಿಯಾದ ಪ್ರಮಾಣದಲ್ಲಿ ಗ್ಯಾಬಾಪೆಂಟಿನ್ ತೆಗೆದುಕೊಂಡವರಲ್ಲಿ ಸುಮಾರು ಹತ್ತಕ್ಕೆ ಮೂರ್ನಾಲ್ಕು ಜನರಿಗೆ ಮಾತ್ರ ನೋವು ಅರ್ಧಕ್ಕೋ ಅದಕ್ಕಿಂತ ಕಡಿಮೆಗೋ ಇಳಿಯುತ್ತದೆ. ಉಳಿದವರಿಗೆ ಸ್ವಲ್ಪ ಕಡಿಮೆಯಾಗಬಹುದು ಅಥವಾ ಏನೂ ಆಗದಿರಬಹುದು. ಪರಿಣಾಮ ತಿಳಿಯಲು ಕೆಲವು ವಾರಗಳು ಬೇಕಾಗುತ್ತವೆ. ಇದನ್ನು ಮೊದಲೇ ತಿಳಿದವರು ಮೂರನೆಯ ದಿನಕ್ಕೆ ನಿರಾಶರಾಗಿ ತಾವೇ ಎರಡು ಮಾತ್ರೆ ನುಂಗುವುದಿಲ್ಲ.

ಸ್ಟ್ರಿಪ್‌ನ ಸಣ್ಣ ಅಕ್ಷರಗಳು

ನಮ್ಮ ದೇಶದಲ್ಲಿ ಈ ಔಷಧಗಳ ವಿಷಯದಲ್ಲಿ ನಾನು ಎಲ್ಲಕ್ಕಿಂತ ಮೊದಲು ಹೇಳಬಯಸುವುದು ಮಿಶ್ರಣ ಮಾತ್ರೆಗಳ ಬಗ್ಗೆ. ಪ್ರೀಗ್ಯಾಬಲಿನ್ ಒಂದೇ ಇರುವ ಕ್ಯಾಪ್ಸೂಲ್‌ಗಳಷ್ಟೇ ಸುಲಭವಾಗಿ ಪ್ರೀಗ್ಯಾಬಲಿನ್ ಜೊತೆ ಮೀಥೈಲ್‌ಕೊಬಾಲಮಿನ್, ಪ್ರೀಗ್ಯಾಬಲಿನ್ ಜೊತೆ ನಾರ್ಟ್ರಿಪ್ಟಿಲಿನ್, ಗ್ಯಾಬಾಪೆಂಟಿನ್ ಜೊತೆ ನಾರ್ಟ್ರಿಪ್ಟಿಲಿನ್, ಪ್ರೀಗ್ಯಾಬಲಿನ್, ನಾರ್ಟ್ರಿಪ್ಟಿಲಿನ್ ಮತ್ತು ಮೀಥೈಲ್‌ಕೊಬಾಲಮಿನ್ ಮೂರೂ ಸೇರಿದವು, ಹೀಗೆ ಬಗೆಬಗೆಯ ಜೋಡಿಗಳು ಮೆಡಿಕಲ್ ಶಾಪ್‌ಗಳಲ್ಲಿ ಸಿಗುತ್ತವೆ. ಪ್ರತಿಯೊಂದಕ್ಕೂ ಕಂಪನಿಗೊಂದು ಹೆಸರು. ಹೆಸರಿನ ಕೊನೆಯಲ್ಲಿ ಬರುವ ಎಂ, ಎನ್‌ಟಿ, ಎಸ್‌ಆರ್ ಎಂಬ ಒಂದೆರಡು ಅಕ್ಷರಗಳಲ್ಲಿ ಒಳಗಿನ ವ್ಯತ್ಯಾಸವೆಲ್ಲ ಅಡಗಿರುತ್ತದೆ. ಗ್ಯಾಬಾಪಿನ್ ಎಂದರೆ ಗ್ಯಾಬಾಪೆಂಟಿನ್ ಮಾತ್ರ. ಗ್ಯಾಬಾಪಿನ್ ಎನ್‌ಟಿ ಎಂದರೆ ಅದರ ಜೊತೆಗೆ ನಾರ್ಟ್ರಿಪ್ಟಿಲಿನ್ ಕೂಡ ಇದೆ. ಚೀಟಿಯಲ್ಲಿ ಒಂದಿದ್ದು ಅಂಗಡಿಯಲ್ಲಿ ಇನ್ನೊಂದು ಕೈಗೆ ಬಂದರೆ, ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿರುವ ಹಿರಿಯರಿಗೆ ಮೂತ್ರ ಕಟ್ಟಿಕೊಳ್ಳುವುದಕ್ಕೆ ಅಷ್ಟೇ ಸಾಕಾಗಬಹುದು.

ಒಂದು ಉದಾಹರಣೆಯನ್ನು ನೋಡೋಣ. ಶುಗರ್ ಇರುವ ಒಬ್ಬರಿಗೆ ಪಾದದ ಉರಿಗೆಂದು ಒಬ್ಬ ವೈದ್ಯರು ರಾತ್ರಿಗೆ 75 ಮಿ.ಗ್ರಾಂ ಪ್ರೀಗ್ಯಾಬಲಿನ್ ಮತ್ತು ಮೀಥೈಲ್‌ಕೊಬಾಲಮಿನ್ ಇರುವ ಮಾತ್ರೆ ಕೊಟ್ಟಿದ್ದಾರೆ. ಎರಡು ತಿಂಗಳ ನಂತರ ಸೊಂಟನೋವಿಗೆಂದು ಮೂಳೆ ವೈದ್ಯರಲ್ಲಿ ಹೋದಾಗ ಅವರು 75 ಮಿ.ಗ್ರಾಂ ಪ್ರೀಗ್ಯಾಬಲಿನ್ ಮತ್ತು 10 ಮಿ.ಗ್ರಾಂ ನಾರ್ಟ್ರಿಪ್ಟಿಲಿನ್ ಇರುವ ಇನ್ನೊಂದು ಮಾತ್ರೆಯನ್ನು ರಾತ್ರಿಗೇ ಬರೆಯುತ್ತಾರೆ. ಎರಡು ಮಾತ್ರೆಗಳ ಹೆಸರು ಬೇರೆ, ಬಣ್ಣ ಬೇರೆ, ಕಂಪನಿ ಬೇರೆ. ರೋಗಿಯ ಲೆಕ್ಕದಲ್ಲಿ ಒಂದು ಕಾಲಿಗೆ, ಒಂದು ಸೊಂಟಕ್ಕೆ. ದೇಹದ ಲೆಕ್ಕದಲ್ಲಿ ಒಂದೇ ರಾತ್ರಿಯಿಂದ ಪ್ರೀಗ್ಯಾಬಲಿನ್ ಎರಡರಷ್ಟಾಗಿದೆ, ಜೊತೆಗೆ ಮಂಪರು ತರುವ ಇನ್ನೊಂದು ಔಷಧವೂ ಸೇರಿದೆ. ಮರುದಿನ ಬೆಳಿಗ್ಗೆ ತಲೆ ಎತ್ತಲಾಗದಿದ್ದರೆ ಶುಗರ್ ಇಳಿದಿರಬೇಕೆಂದು ಮನೆಯವರು ಸಕ್ಕರೆ ನೀರು ಕುಡಿಸುತ್ತಾರೆ. ಇಲ್ಲಿ ವೈದ್ಯರಿಬ್ಬರೂ ತಪ್ಪು ಮಾಡಿಲ್ಲ. ಒಬ್ಬರ ಚೀಟಿಯನ್ನು ಇನ್ನೊಬ್ಬರು ನೋಡಲಿಲ್ಲ, ಅಷ್ಟೆ.

ಇದನ್ನು ತಪ್ಪಿಸುವ ದಾರಿ ಸರಳವಾಗಿದೆ. ಮಾತ್ರೆಯ ಸ್ಟ್ರಿಪ್ ಅನ್ನು ಬೆಳಕಿಗೆ ಹಿಡಿದು ದೊಡ್ಡ ಅಕ್ಷರದ ಹೆಸರಿನ ಕೆಳಗಿರುವ ಸಣ್ಣ ಅಕ್ಷರಗಳನ್ನು ಓದಬೇಕು. ಒಂದು ಮಾತ್ರೆಯಲ್ಲಿ ಯಾವ ಔಷಧ ಎಷ್ಟು ಮಿ.ಗ್ರಾಂ ಇದೆ ಎಂಬುದು ಅಲ್ಲಿ ಇದ್ದೇ ಇರುತ್ತದೆ. ಕಣ್ಣಿಗೆ ಕಾಣದಿದ್ದರೆ ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಬಹುದು. ಹತ್ತು ಮಾತ್ರೆಯ ಸ್ಟ್ರಿಪ್‌ನಿಂದ ನಾಲ್ಕೋ ಐದೋ ಕತ್ತರಿಸಿಕೊಡುವ ರೂಢಿ ಅಂಗಡಿಗಳಲ್ಲಿದೆ. ಹಾಗೆ ಕತ್ತರಿಸಿದಾಗ ಹೆಸರು, ಪ್ರಮಾಣ, ಬ್ಯಾಚ್ ಸಂಖ್ಯೆ ಅಥವಾ ಅವಧಿ ಮುಗಿಯುವ ದಿನಾಂಕದ ಭಾಗ ಅಂಗಡಿಯಲ್ಲೇ ಉಳಿದು, ಮನೆಗೆ ಬರುವುದು ಗುರುತಿಲ್ಲದ ಬೆಳ್ಳಿ ಹಾಳೆಯ ತುಂಡು. ಕತ್ತರಿಸುವ ಮೊದಲು ಇಡೀ ಸ್ಟ್ರಿಪ್‌ನ ಫೋಟೊ ತೆಗೆದುಕೊಳ್ಳಿ, ಸಾಧ್ಯವಾದರೆ ಇಡೀ ಸ್ಟ್ರಿಪ್ ಅನ್ನೇ ಬಿಲ್ ಸಹಿತ ಕೊಂಡುಕೊಳ್ಳಿ. ಪ್ರತಿ ವೈದ್ಯರ ಬಳಿ ಹೋಗುವಾಗಲೂ ಈಗ ನುಂಗುತ್ತಿರುವ ಎಲ್ಲ ಸ್ಟ್ರಿಪ್‌ಗಳನ್ನು, ಶುಗರ್, ಬಿಪಿ, ನಿದ್ದೆ, ಗ್ಯಾಸ್ಟ್ರಿಕ್ ಮಾತ್ರೆಗಳ ಸಮೇತ, ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಇಡಿ. ನಾಟಿ ವೈದ್ಯರ ಪುಡಿಯನ್ನೋ ಕಷಾಯವನ್ನೋ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಸಂಕೋಚವಿಲ್ಲದೆ ತೋರಿಸಿ.

ಮಿಶ್ರಣ ಮಾತ್ರೆಗಳಿಂದ ಇನ್ನೊಂದು ಹಾನಿಯೂ ಆಗಿದೆ. ಒಳಗೆ ಮೀಥೈಲ್‌ಕೊಬಾಲಮಿನ್, ಅಂದರೆ ಬಿ12 ಜೀವಸತ್ವದ ಒಂದು ರೂಪ ಇರುವುದರಿಂದ ಇಡೀ ಮಾತ್ರೆಯನ್ನೇ ಜನ ನರಕ್ಕೆ ಶಕ್ತಿ ಕೊಡುವ ವಿಟಮಿನ್ ಎಂದು ಭಾವಿಸಿದ್ದಾರೆ. ಹಳೆಯ ಸ್ಟ್ರಿಪ್ ತೋರಿಸಿ ಮತ್ತೆ ಮತ್ತೆ ತರುತ್ತಾರೆ, ಕೈಕಾಲು ಜೋಮು ಹಿಡಿಯುತ್ತದೆ ಎನ್ನುವ ನೆಂಟರಿಗೂ ಎರಡು ಕೊಡುತ್ತಾರೆ. ಪ್ರೀಗ್ಯಾಬಲಿನ್ ನರಕ್ಕೆ ಶಕ್ತಿ ಕೊಡುವುದಿಲ್ಲ, ಹಾಳಾದ ನರವನ್ನು ದುರಸ್ತಿಯನ್ನೂ ಮಾಡುವುದಿಲ್ಲ. ಅದು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧ. ಸ್ಟ್ರಿಪ್‌ನ ಮೇಲೆ ಆ ಎಚ್ಚರಿಕೆ ಅಚ್ಚಾಗಿಯೇ ಇರುತ್ತದೆ. ಬಿ12 ಕೊರತೆ ಇದೆಯೇ ಎಂಬುದನ್ನು ರಕ್ತಪರೀಕ್ಷೆಯಿಂದ ತಿಳಿಯಬಹುದು. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಅನ್ನು ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲಿ ಬಿ12 ಇಳಿಯುವುದುಂಟು, ಸಸ್ಯಾಹಾರಿಗಳಲ್ಲಿ ಇನ್ನೂ ಹೆಚ್ಚು. ಆ ಕೊರತೆಯೇ ಪಾದದ ಉರಿಗೂ ಜೋಮಿಗೂ ಕಾರಣವಾಗಬಲ್ಲದು. ಕೊರತೆಯಿದ್ದರೆ ಬಿ12 ಅನ್ನು ಬೇರೆಯಾಗಿಯೇ, ಸಾಕಷ್ಟು ಪ್ರಮಾಣದಲ್ಲಿ ತೆಗೆದುಕೊಳ್ಳುವುದು ಸರಿಯಾದ ಚಿಕಿತ್ಸೆ. ಹಾಗಾಗಿ ವರ್ಷಗಳಿಂದ ಮೆಟ್‌ಫಾರ್ಮಿನ್ ನುಂಗುತ್ತಿರುವವರು ಪಾದದ ಉರಿಗೆ ಹೊಸ ಮಾತ್ರೆ ಬರೆಸಿಕೊಳ್ಳುವ ಮೊದಲು ಈ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಬೇಕೆಂಬುದು ನನ್ನ ಬಲವಾದ ಅಭಿಪ್ರಾಯ.

ಮಾತ್ರೆ ಆರಂಭಿಸುವ ಮುನ್ನ ಕಿಡ್ನಿಯ ಲೆಕ್ಕ

ಪ್ರೀಗ್ಯಾಬಲಿನ್ ಮತ್ತು ಗ್ಯಾಬಾಪೆಂಟಿನ್‌ಗಳು ಯಕೃತ್ತಿನಲ್ಲಿ ಒಡೆಯುವುದಿಲ್ಲ. ನುಂಗಿ ರಕ್ತಕ್ಕೆ ಸೇರಿದ ಔಷಧದ ಬಹುಪಾಲು ಹಾಗೆಯೇ ಮೂತ್ರದ ಮೂಲಕ ಹೊರಹೋಗುತ್ತದೆ. ಕಿಡ್ನಿಯ ಕೆಲಸ ನಿಧಾನವಾದಷ್ಟೂ ಔಷಧ ಮೈಯಲ್ಲಿ ಉಳಿಯುತ್ತಾ ಹೋಗುತ್ತದೆ, ನಿನ್ನೆಯದು ಹೊರಹೋಗುವ ಮೊದಲೇ ಇಂದಿನದು ಸೇರುತ್ತದೆ. ಅದಕ್ಕಾಗಿಯೇ ಕಿಡ್ನಿಯ ಶೋಧನಾ ಸಾಮರ್ಥ್ಯ ನಿಮಿಷಕ್ಕೆ 60 ಮಿ.ಲೀ.ಗಿಂತ ಕೆಳಗಿದ್ದರೆ ಪ್ರೀಗ್ಯಾಬಲಿನ್‌ನ ದಿನದ ಪ್ರಮಾಣವನ್ನು ಸುಮಾರು ಅರ್ಧಕ್ಕೂ, 30ಕ್ಕಿಂತ ಕೆಳಗಿದ್ದರೆ ಕಾಲು ಭಾಗಕ್ಕೂ ಇಳಿಸಲಾಗುತ್ತದೆ.

ಇಲ್ಲಿ ಲ್ಯಾಬ್ ವರದಿ ನಮ್ಮನ್ನು ಸುಲಭವಾಗಿ ಮೋಸಗೊಳಿಸುತ್ತದೆ. ಕಿಡ್ನಿಯ ಕೆಲಸ ಹೇಗಿದೆ ಎಂದು ತಿಳಿಯಲು ರಕ್ತದಲ್ಲಿ ಅಳೆಯುವ ಕ್ರಿಯಾಟಿನಿನ್ 1.2 ಎಂದು ಬಂದರೆ ಎಲ್ಲ ಸರಿಯಿದೆ ಎಂದೇ ನಾವು ಓದಿಕೊಳ್ಳುತ್ತೇವೆ. ವೈದ್ಯರು ಔಷಧದ ಪ್ರಮಾಣ ನಿರ್ಧರಿಸಲು ಬಳಸುವ ಸಾಮಾನ್ಯ ಸೂತ್ರದಲ್ಲಿ ವಯಸ್ಸು, ತೂಕ ಮತ್ತು ಲಿಂಗವನ್ನೂ ಸೇರಿಸುತ್ತಾರೆ. 40 ವರ್ಷದ, 70 ಕೆ.ಜಿ. ತೂಕದ ಗಂಡಸಿನಲ್ಲಿ ಕ್ರಿಯಾಟಿನಿನ್ 1.2 ಇದ್ದರೆ ಶೋಧನಾ ಸಾಮರ್ಥ್ಯ ನಿಮಿಷಕ್ಕೆ ಸುಮಾರು 81 ಮಿ.ಲೀ. ಬರುತ್ತದೆ. ಅದೇ 1.2, 75 ವರ್ಷದ, 45 ಕೆ.ಜಿ. ತೂಕದ ಅಜ್ಜಿಯಲ್ಲಿದ್ದರೆ ಬರುವುದು ಸುಮಾರು 29 ಮಿ.ಲೀ. ಮಗನಿಗೆ ಹೊಂದಿದ ಪ್ರಮಾಣ ತಾಯಿಗೆ ಅದರ ಕಾಲು ಭಾಗವಾಗಬೇಕಾಗುತ್ತದೆ. ಮನೆಯಲ್ಲಿ ಒಬ್ಬರಿಗೆ ಬರೆದ ಮಾತ್ರೆಯನ್ನು ಇನ್ನೊಬ್ಬರು ನುಂಗಬಾರದು ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಕಾರಣ ಬೇಕಿಲ್ಲ. ಹಿರಿಯರಿಗೆ, ಶುಗರ್ ಮತ್ತು ಬಿಪಿ ಇರುವವರಿಗೆ ಮಾತ್ರೆ ಆರಂಭಿಸುವ ಮುನ್ನ ಕ್ರಿಯಾಟಿನಿನ್ ಪರೀಕ್ಷೆ ಆಗಿರಲಿ, ಅದರ ವರದಿಯನ್ನು ತೂಕದ ಜೊತೆಗೆ ವೈದ್ಯರಿಗೆ ತೋರಿಸಿ. ವಾಂತಿ ಭೇದಿಯಾಗಿ ಮೈಯ ನೀರು ಬತ್ತಿದಾಗ, ಮೂತ್ರ ಕಡಿಮೆಯಾದಾಗ ಪ್ರಮಾಣದ ಬಗ್ಗೆ ಮತ್ತೆ ಕೇಳಬೇಕು.

ನರದ ನೋವು ಪೂರ್ತಿ ಹೋಗಲಿಲ್ಲವೆಂದು ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್‌ನಂತಹ ಮಾತ್ರೆಗಳನ್ನು ತಾವಾಗಿಯೇ ಸೇರಿಸಿಕೊಳ್ಳುವವರು ಗಮನಿಸಬೇಕಾದದ್ದೂ ಇದೇ. ಆ ಮಾತ್ರೆಗಳು ನರದ ನೋವಿಗೆ ಬಹಳ ಪ್ರಯೋಜನವಾಗದೆ, ದಿನವೂ ನುಂಗಿದರೆ ಕಿಡ್ನಿಗೆ ಪೆಟ್ಟು ಕೊಡುತ್ತವೆ. ಕಿಡ್ನಿ ಸೋತಾಗ ಪ್ರೀಗ್ಯಾಬಲಿನ್ ಮೈಯಲ್ಲಿ ತುಂಬಿಕೊಂಡು ಮಂಪರು, ತೊದಲು, ಓಲಾಟ ಕಾಣಿಸುತ್ತದೆ. ಮೇಲ್ನೋಟಕ್ಕೆ ಒಂದಕ್ಕೊಂದು ಸಂಬಂಧವೇ ಇಲ್ಲವೆಂದು ತೋರುವ ಎರಡು ಮಾತ್ರೆಗಳು ಹೀಗೆ ಕೊಂಡಿ ಹಾಕಿಕೊಳ್ಳುತ್ತವೆ.

ವೈದ್ಯರಿಗೆ ತಪ್ಪದೆ ಹೇಳಬೇಕಾದ ಇನ್ನು ಕೆಲವು ಸಂಗತಿಗಳಿವೆ. ಹೃದಯ ವೈಫಲ್ಯ ಅಥವಾ ಹಿಂದೆ ಹೃದಯಾಘಾತ ಆಗಿರುವುದು, ಉಬ್ಬಸ ಅಥವಾ ಬೀಡಿ, ಒಲೆಯ ಹೊಗೆಯಿಂದ ಕೆಟ್ಟ ಶ್ವಾಸಕೋಶ, ಕಣ್ಣಿನ ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ, ಖಿನ್ನತೆ, ಮದ್ಯಪಾನದ ಅಭ್ಯಾಸ, ಗರ್ಭಿಣಿಯಾಗಿರುವುದು ಅಥವಾ ಗರ್ಭ ಧರಿಸುವ ಯೋಚನೆ ಇರುವುದು. ಗರ್ಭದ ಮೊದಲ ಮೂರು ತಿಂಗಳಲ್ಲಿ ಪ್ರೀಗ್ಯಾಬಲಿನ್ ಸೇವನೆಯಿಂದ ಶಿಶುವಿನಲ್ಲಿ ದೋಷಗಳ ಸಾಧ್ಯತೆ ಸ್ವಲ್ಪ ಹೆಚ್ಚುವುದೆಂದು ಬ್ರಿಟನ್ನಿನ ಔಷಧ ನಿಯಂತ್ರಕರು 2022ರಲ್ಲಿ ಎಚ್ಚರಿಸಿದ್ದಾರೆ.

ಸೊಂಟದಿಂದ ಕಾಲಿಗೆ ಇಳಿಯುವ ಸಯಾಟಿಕಾ ನೋವಿನ ಬಗ್ಗೆ ಒಂದು ಮಾತು. ನಮ್ಮಲ್ಲಿ ಈ ನೋವಿಗೆ ಪ್ರೀಗ್ಯಾಬಲಿನ್ ಬರೆಯುವುದು ಬಹಳ ಸಾಮಾನ್ಯ. ಆದರೆ ಬ್ರಿಟನ್ನಿನ ಚಿಕಿತ್ಸಾ ಮಾರ್ಗದರ್ಶಿ 2020ರಿಂದ ಸಯಾಟಿಕಾಕ್ಕೆ ಪ್ರೀಗ್ಯಾಬಲಿನ್, ಗ್ಯಾಬಾಪೆಂಟಿನ್‌ಗಳನ್ನು ಕೊಡಬೇಡಿ ಎಂದೇ ಹೇಳುತ್ತದೆ, ಪ್ರಯೋಜನ ಕಾಣದೆ ತೊಂದರೆ ಮಾತ್ರ ಕಂಡಿರುವುದು ಅದಕ್ಕೆ ಕಾರಣ. ನಿಮಗೆ ಇದೇ ಕಾರಣಕ್ಕೆ ಮಾತ್ರೆ ಬರೆದಿದ್ದರೆ, ಎಷ್ಟು ದಿನಕ್ಕೆ, ಯಾವ ಗುರಿಯಿಂದ ಎಂದು ವಿನಯದಿಂದ ಕೇಳುವುದರಲ್ಲಿ ತಪ್ಪಿಲ್ಲ.

ಮೊದಲ ಎರಡು ವಾರ

ಪ್ರೀಗ್ಯಾಬಲಿನ್ ಅನ್ನು ಸಾಮಾನ್ಯವಾಗಿ ದಿನಕ್ಕೆ 75 ರಿಂದ 150 ಮಿ.ಗ್ರಾಂನಲ್ಲಿ, ಗ್ಯಾಬಾಪೆಂಟಿನ್ ಅನ್ನು 300 ಮಿ.ಗ್ರಾಂ ಅಥವಾ ಅದಕ್ಕೂ ಕಡಿಮೆಯಲ್ಲಿ, ಅಮಿಟ್ರಿಪ್ಟಿಲಿನ್ ಅನ್ನು ರಾತ್ರಿ 10 ಮಿ.ಗ್ರಾಂನಲ್ಲಿ, ಡುಲಾಕ್ಸೆಟಿನ್ ಅನ್ನು 30 ಮಿ.ಗ್ರಾಂನಲ್ಲಿ ಆರಂಭಿಸಿ ಮೆಲ್ಲಗೆ ಏರಿಸುತ್ತಾರೆ. ಮೊದಲ ಮಾತ್ರೆಯನ್ನು ಮರುದಿನ ಪ್ರಯಾಣ, ಪರೀಕ್ಷೆ ಅಥವಾ ಮದುವೆಯ ಓಡಾಟ ಇಲ್ಲದ ರಾತ್ರಿ ನುಂಗುವುದು ಒಳ್ಳೆಯದು. ತಲೆಸುತ್ತು ಮತ್ತು ಮಂಪರು ಆರಂಭದ ದಿನಗಳಲ್ಲಿ ಮತ್ತು ಪ್ರಮಾಣ ಏರಿಸಿದ ಮರುದಿನಗಳಲ್ಲಿ ಹೆಚ್ಚು. ಅಷ್ಟು ದಿನ ಬೈಕು, ಸ್ಕೂಟರ್, ಕಾರು ಓಡಿಸಬಾರದು. ಟ್ರ್ಯಾಕ್ಟರ್, ಕಳೆ ಕತ್ತರಿಸುವ ಯಂತ್ರ, ಅಡಕೆ ಮರ ಹತ್ತುವ ಕೆಲಸ, ಮಾಳಿಗೆಗೆ ಏಣಿ ಹಾಕುವುದು ಇವೂ ಅದೇ ಸಾಲಿನಲ್ಲಿ ಸೇರುತ್ತವೆ.

ವಯಸ್ಸಾದವರ ಮಟ್ಟಿಗೆ ದೊಡ್ಡ ಅಪಾಯವೆಂದರೆ ಬೀಳುವುದು. ರಾತ್ರಿ ಎರಡು ಗಂಟೆಗೆ ಮೂತ್ರಕ್ಕೆಂದು ಎದ್ದಾಗ ಕಣ್ಣಲ್ಲಿ ಮಂಪರು, ಪಾದದಲ್ಲಿ ಮೊದಲೇ ಸ್ಪರ್ಶ ಕಡಿಮೆ, ನಿಂತ ಕೂಡಲೇ ಬಿಪಿ ಇಳಿದು ಕಣ್ಣು ಕತ್ತಲೆ, ಬಚ್ಚಲಿನ ನೆಲ ಒದ್ದೆ. ಇಷ್ಟೂ ಒಂದೇ ಕ್ಷಣದಲ್ಲಿ ಸೇರುತ್ತವೆ. ಮಾತ್ರೆ ಆರಂಭಿಸುವ ದಿನವೇ ಮಂಚದಿಂದ ಬಚ್ಚಲಿನವರೆಗೆ ಸಣ್ಣ ದೀಪ ಉರಿಯುವಂತೆ ಮಾಡಿ, ಮಡಿಸಿಕೊಳ್ಳುವ ಕಾಲೊರಸನ್ನು ತೆಗೆದುಹಾಕಿ, ಮಲಗುವ ಮೊದಲು ಬಚ್ಚಲಿನ ನೆಲ ಒರೆಸಿಡಿ. ಎದ್ದವರು ಮಂಚದ ಅಂಚಿನಲ್ಲಿ ಒಂದು ನಿಮಿಷ ಕಾಲು ಇಳಿಬಿಟ್ಟು ಕುಳಿತು, ನಂತರ ಏನನ್ನಾದರೂ ಹಿಡಿದುಕೊಂಡು ನಿಲ್ಲಬೇಕು. ತೊಡೆಯ ಮೂಳೆ ಮುರಿದ ನಂತರ ಪಡುವ ಕಷ್ಟಕ್ಕೆ ಹೋಲಿಸಿದರೆ ಇದು ಏನೂ ಅಲ್ಲ.

ಮಾತ್ರೆಯನ್ನು ದಿನವೂ ಒಂದೇ ಹೊತ್ತಿಗೆ ತೆಗೆದುಕೊಳ್ಳಿ. ಸಾಮಾನ್ಯ ಪ್ರೀಗ್ಯಾಬಲಿನ್ ಕ್ಯಾಪ್ಸೂಲ್ ಅನ್ನು ಊಟಕ್ಕೆ ಮೊದಲಾಗಲಿ ನಂತರವಾಗಲಿ ನುಂಗಬಹುದು. ಹೆಸರಿನಲ್ಲಿ ಎಸ್‌ಆರ್ ಎಂದಿದ್ದರೆ ಅದು ಔಷಧವನ್ನು ನಿಧಾನವಾಗಿ ಬಿಡುವ ಮಾತ್ರೆ. ಅದನ್ನು ಅರ್ಧ ಮಾಡಬಾರದು, ಜಜ್ಜಬಾರದು, ಅಗಿಯಬಾರದು, ಏಕೆಂದರೆ ಇಡೀ ದಿನಕ್ಕೆಂದು ಇಟ್ಟ ಪ್ರಮಾಣ ಒಮ್ಮೆಲೇ ರಕ್ತಕ್ಕೆ ಸೇರುತ್ತದೆ. ಡುಲಾಕ್ಸೆಟಿನ್ ಕ್ಯಾಪ್ಸೂಲ್ ಅನ್ನೂ ಬಿಡಿಸಬಾರದು. ಊಟದ ಜೊತೆ ತೆಗೆದುಕೊಂಡರೆ ಅದರಿಂದಾಗುವ ಓಕರಿಕೆ ಕಡಿಮೆ. ಒಂದು ಹೊತ್ತು ಮರೆತರೆ ನೆನಪಾದಾಗ ನುಂಗಿ, ಮುಂದಿನ ಹೊತ್ತು ಹತ್ತಿರವಾಗಿದ್ದರೆ ಮರೆತದ್ದನ್ನು ಬಿಟ್ಟುಬಿಡಿ. ಎರಡನ್ನು ಸೇರಿಸಿ ನುಂಗಬೇಡಿ.

ಜೊತೆಗೆ ಸೇರಬಾರದವು

ಮದ್ಯವನ್ನು ಈ ಮಾತ್ರೆಗಳೊಂದಿಗೆ ಬೆರೆಸಬಾರದು. ಒಂದು ದಿನಕ್ಕೆ ಏನಾಗುತ್ತದೆ ಎಂಬ ಮಾತಿಗೂ ಇಲ್ಲಿ ಜಾಗವಿಲ್ಲ. ನಿದ್ದೆಗೆಂದೋ ಆತಂಕಕ್ಕೆಂದೋ ತೆಗೆದುಕೊಳ್ಳುವ ಆಲ್ಪ್ರಜೋಲಮ್, ಕ್ಲೊನಾಜೆಪಮ್, ನೋವಿಗೆ ಕೊಡುವ ಟ್ರಮಡಾಲ್, ಟ್ಯಾಪೆಂಟಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್, ಇವೆಲ್ಲವೂ ಮಿದುಳನ್ನು ಮಂಕುಗೊಳಿಸುವಂಥವು. ಪ್ರೀಗ್ಯಾಬಲಿನ್ ಅಥವಾ ಗ್ಯಾಬಾಪೆಂಟಿನ್ ಅದಕ್ಕೆ ಸೇರಿದಾಗ ಉಸಿರಾಟ ಅಪಾಯಕರವಾಗಿ ನಿಧಾನವಾಗಬಹುದು. ವಯಸ್ಸಾದವರಲ್ಲೂ ಶ್ವಾಸಕೋಶದ ಕಾಯಿಲೆ ಇರುವವರಲ್ಲೂ ಈ ಅಪಾಯ ಹೆಚ್ಚೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರ ಡಿಸೆಂಬರ್‌ನಲ್ಲಿ ಎಚ್ಚರಿಕೆ ಕೊಟ್ಟಿತು. ವೈದ್ಯರು ತಿಳಿದೇ ಎರಡನ್ನು ಸೇರಿಸಿ ಕೊಟ್ಟಿದ್ದರೆ ಪ್ರಮಾಣ ಕಡಿಮೆ ಇಟ್ಟಿರುತ್ತಾರೆ. ಅವರಿಗೆ ತಿಳಿಯದೆ ಸೇರಿಕೊಳ್ಳುವುದೇ ಆತಂಕದ ವಿಷಯ. ನೆಗಡಿಗೆ ನುಂಗುವ ಸೆಟಿರಿಜಿನ್ ಕೂಡ ಮಂಪರನ್ನು ಹೆಚ್ಚಿಸುತ್ತದೆ.

ಟ್ರಮಡಾಲ್ ಬಗ್ಗೆ ಇನ್ನೊಂದು ಎಚ್ಚರ ಬೇಕು. ಅದು ಡುಲಾಕ್ಸೆಟಿನ್ ಅಥವಾ ಅಮಿಟ್ರಿಪ್ಟಿಲಿನ್ ಜೊತೆ ಸೇರಿದಾಗ ಮೈನಡುಕ, ವಿಪರೀತ ಬೆವರು, ಜ್ವರ, ಗೊಂದಲ ಉಂಟಾಗುವ ಅಪರೂಪದ ಆದರೆ ಗಂಭೀರವಾದ ಸ್ಥಿತಿ ಬರಬಹುದು. ಡುಲಾಕ್ಸೆಟಿನ್ ಜೊತೆ ಆಸ್ಪಿರಿನ್ ಅಥವಾ ನೋವಿನ ಮಾತ್ರೆ ಸೇರಿದರೆ ರಕ್ತಸ್ರಾವದ ಸಾಧ್ಯತೆ ಹೆಚ್ಚುತ್ತದೆ, ಆದ್ದರಿಂದ ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುವವರು ಅದನ್ನು ಹೇಳಿಯೇ ಬರೆಸಿಕೊಳ್ಳಬೇಕು.

ಎದೆಯುರಿಗೆ ಕುಡಿಯುವ ಅಲ್ಯೂಮಿನಿಯಂ, ಮೆಗ್ನೀಸಿಯಂ ಇರುವ ಆಂಟಾಸಿಡ್ ದ್ರವ ಗ್ಯಾಬಾಪೆಂಟಿನ್ ರಕ್ತಕ್ಕೆ ಸೇರುವುದನ್ನು ಸುಮಾರು ಐದನೆಯ ಒಂದು ಭಾಗದಷ್ಟು ತಗ್ಗಿಸುತ್ತದೆ. ಆಂಟಾಸಿಡ್ ಕುಡಿದು ಎರಡು ಗಂಟೆಯಾದ ಮೇಲೆ ಗ್ಯಾಬಾಪೆಂಟಿನ್ ನುಂಗಿದರೆ ಸಾಕು. ಶುಗರ್‌ಗೆ ಪಯೋಗ್ಲಿಟಜೋನ್ ತೆಗೆದುಕೊಳ್ಳುವವರಿಗೆ ಪ್ರೀಗ್ಯಾಬಲಿನ್ ಸೇರಿದಾಗ ಕಾಲು ಊದುವುದು ಮತ್ತು ತೂಕ ಏರುವುದು ಹೆಚ್ಚು. ಈ ಊತವನ್ನು ಕಿಡ್ನಿಯದೋ ಹೃದಯದ್ದೋ ಎಂದು ಹುಡುಕುತ್ತಾ ಪರೀಕ್ಷೆಗಳ ಮೇಲೆ ಪರೀಕ್ಷೆ ಮಾಡಿಸುವ ಮೊದಲು ಹೊಸ ಮಾತ್ರೆ ಯಾವಾಗ ಸೇರಿತೆಂದು ವೈದ್ಯರಿಗೆ ನೆನಪಿಸಿ. ಊತದ ಜೊತೆಗೆ ಏದುಸಿರು ಇದ್ದರೆ ಮಾತ್ರ ಕಾಯುವಂತಿಲ್ಲ, ಅಂದೇ ತೋರಿಸಬೇಕು.

ಕಾರ್ಬಮಜೆಪಿನ್: ಬೇರೆಯದೇ ನಿಯಮ

ಮುಖದ ನರಶೂಲೆಗೆ, ಅಂದರೆ ಟ್ರೈಜೆಮಿನಲ್ ನೋವಿಗೆ, ಇಂದಿಗೂ ಮೊದಲು ಬರೆಯುವ ಔಷಧ ಕಾರ್ಬಮಜೆಪಿನ್. ಅನೇಕರಿಗೆ ಅದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಮೊದಲ ಕೆಲವು ವಾರ, ತಿಂಗಳುಗಳಲ್ಲಿ ಕೆಲವೇ ಕೆಲವರಲ್ಲಿ ಚರ್ಮವೂ ಬಾಯಿಯ ಒಳಪದರವೂ ಸುಲಿದುಹೋಗುವ ಸ್ಟೀವನ್ಸ್ ಜಾನ್ಸನ್ ಎಂಬ ಮಾರಕ ಪ್ರತಿಕ್ರಿಯೆಯನ್ನು ತರಬಲ್ಲದು. ಏಷ್ಯಾ ಮೂಲದ ಕೆಲವರಲ್ಲಿರುವ ಎಚ್‌ಎಲ್‌ಎ-ಬಿ 1502 ಎಂಬ ವಂಶವಾಹಿ ರೂಪ ಇದ್ದವರಿಗೆ ಈ ಅಪಾಯ ಬಹಳ ಹೆಚ್ಚು. ಅದನ್ನು ರಕ್ತಪರೀಕ್ಷೆಯಿಂದ ಮೊದಲೇ ತಿಳಿಯಬಹುದು, ಅಗತ್ಯವೇ ಎಂದು ವೈದ್ಯರನ್ನು ಕೇಳಿ. ಮೈಮೇಲೆ ಕೆಂಪು ದದ್ದು, ಬಾಯಿಹುಣ್ಣು, ಕಣ್ಣು ಕೆಂಪಾಗುವುದು, ಜ್ವರ ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಮಾತ್ರೆ ನುಂಗದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಹಠಾತ್ತಾಗಿ ನಿಲ್ಲಿಸಬಾರದು ಎಂಬ ನಿಯಮ ಈ ಲಕ್ಷಣಗಳು ಕಂಡಾಗ ಅನ್ವಯಿಸುವುದಿಲ್ಲ. ಈ ಔಷಧ ರಕ್ತದ ಸೋಡಿಯಂ ಅನ್ನು ಇಳಿಸಬಹುದು, ಗರ್ಭನಿರೋಧಕ ಮಾತ್ರೆಯ ಶಕ್ತಿಯನ್ನೂ ಕುಗ್ಗಿಸುತ್ತದೆ.

ಅಮಿಟ್ರಿಪ್ಟಿಲಿನ್, ನಾರ್ಟ್ರಿಪ್ಟಿಲಿನ್‌ಗಳಿಂದ ಬಾಯಿ ಒಣಗುವುದು, ಮಲಬದ್ಧತೆ, ಮೂತ್ರ ತಡೆದು ಬರುವುದು, ಎದೆ ಡವಡವ ಎನ್ನುವುದು ಸಾಮಾನ್ಯ. ಹೃದಯದ ಕಾಯಿಲೆ ಇರುವವರಿಗೂ ಹಿರಿಯರಿಗೂ ಮೊದಲೇ ಒಂದು ಇಸಿಜಿ ಮಾಡಿಸುವುದು ವಿವೇಕದ ಕ್ರಮ.

ಮುಂದುವರಿಸುವುದು, ನಿಲ್ಲಿಸುವುದು

ಪ್ರಮಾಣ ಸರಿಯಾದ ಮಟ್ಟಕ್ಕೆ ಬಂದು ಒಂದೆರಡು ತಿಂಗಳಾದ ಮೇಲೆ ಮಾತ್ರೆಯಿಂದ ನಿಜವಾಗಿ ಏನಾಗಿದೆ ಎಂದು ನೋಡಬೇಕು. ಇದಕ್ಕೆ ಒಂದು ಹಳೆಯ ಕ್ಯಾಲೆಂಡರ್ ಸಾಕು. ದಿನದ ಚೌಕದಲ್ಲಿ ನೋವಿಗೆ ಹತ್ತರಲ್ಲಿ ಇಷ್ಟು ಎಂದು ಒಂದು ಅಂಕಿ, ರಾತ್ರಿ ನಿದ್ದೆ ಬಂತೇ ಇಲ್ಲವೇ ಎಂದು ಒಂದು ಗುರುತು, ಮಂಪರಿದ್ದರೆ ಇನ್ನೊಂದು ಗುರುತು ಹಾಕಿಡಿ. ವೈದ್ಯರ ಮುಂದೆ ಕುಳಿತಾಗ ಪರವಾಗಿಲ್ಲ ಎಂದು ಹೇಳಿ ಎದ್ದು ಬರುವುದಕ್ಕಿಂತ ಆ ಹಾಳೆ ಬಹಳ ಹೆಚ್ಚು ಹೇಳುತ್ತದೆ. ಪ್ರಯೋಜನವೇ ಇಲ್ಲದಿದ್ದರೆ ಮಾತ್ರೆಯನ್ನು ವರ್ಷಗಟ್ಟಲೆ ಎಳೆಯಬೇಕಾಗಿಲ್ಲ, ಬೇರೆ ಗುಂಪಿನ ಔಷಧವನ್ನು ನೋಡಬಹುದು. ನೋವು ತಗ್ಗಿದವರಿಗೂ ಒಂದು ಮಾತು ಅನ್ವಯಿಸುತ್ತದೆ. ಉರಿ ಕಡಿಮೆಯಾದ ಮಾತ್ರಕ್ಕೆ ಪಾದದ ಸ್ಪರ್ಶ ಮರಳಿರುವುದಿಲ್ಲ. ಶುಗರ್ ಇರುವವರು ಬರಿಗಾಲಿನಲ್ಲಿ ನಡೆಯುವುದನ್ನು ಬಿಟ್ಟು, ಪ್ರತಿ ಸಂಜೆ ಅಂಗಾಲನ್ನೂ ಬೆರಳ ಸಂದಿಗಳನ್ನೂ ನೋಡಿಕೊಳ್ಳುವುದನ್ನು ಮುಂದುವರಿಸಲೇಬೇಕು.

ಹಠಾತ್ತಾಗಿ ನಿಲ್ಲಿಸಿದರೆ ನಿದ್ದೆ ಬಾರದಿರುವುದು, ಬೆವರು, ತಳಮಳ, ವಾಕರಿಕೆ, ತಲೆನೋವು ಕಾಣಿಸಿಕೊಂಡು, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದು. ಬಿಟ್ಟ ಮಾತ್ರೆಯಿಂದ ಹೀಗಾಗಿದೆ ಎಂದು ತಿಳಿಯದೆ ಕಾಯಿಲೆ ಉಲ್ಬಣಿಸಿತೆಂದು ಹೆದರುವವರು ಬಹಳ. ಪ್ರೀಗ್ಯಾಬಲಿನ್, ಗ್ಯಾಬಾಪೆಂಟಿನ್‌ಗಳನ್ನು ಕನಿಷ್ಠ ಒಂದು ವಾರದ ಅವಧಿಯಲ್ಲಿ ಇಳಿಸಬೇಕೆಂಬುದು ನಿಯಮ. ಹೆಚ್ಚು ಪ್ರಮಾಣದಲ್ಲಿ, ದೀರ್ಘಕಾಲ ತೆಗೆದುಕೊಂಡವರಿಗೆ ಅದು ವಾರಗಳು, ತಿಂಗಳುಗಳೇ ಬೇಕಾಗಬಹುದು. ಯಾವ ವಾರ ಎಷ್ಟು ಎಂಬುದನ್ನು ವೈದ್ಯರಿಂದಲೇ ಕಾಗದದ ಮೇಲೆ ಬರೆಸಿಕೊಳ್ಳಿ. ಡುಲಾಕ್ಸೆಟಿನ್ ಮತ್ತು ಅಮಿಟ್ರಿಪ್ಟಿಲಿನ್‌ಗಳಿಗೂ ನಿಧಾನವೇ ಸರಿ.

ಬೇಕೆಂದು ನಿಲ್ಲಿಸುವವರಷ್ಟೇ ಅಲ್ಲ, ಮಾತ್ರೆ ಮುಗಿದು ನಿಲ್ಲಿಸುವವರೂ ಇದ್ದಾರೆ. ಊರಿನ ಅಂಗಡಿಯಲ್ಲಿ ಸ್ಟಾಕ್ ಇಲ್ಲ, ಜಾತ್ರೆಗೋ ಮಗಳ ಮನೆಗೋ ಹೋದಾಗ ಡಬ್ಬಿ ಮರೆತದ್ದು, ಇಂತಹ ಕಾರಣಗಳು. ಹತ್ತು ದಿನದ ಮಾತ್ರೆ ಉಳಿದಿರುವಾಗಲೇ ಮುಂದಿನದನ್ನು ತಂದಿಟ್ಟುಕೊಳ್ಳಿ. ದುಬಾರಿಯಾಗಿ ಬಿಡುವವರು ಔಷಧದ ಹೆಸರು ಹೇಳಿ ಜನೌಷಧಿ ಕೇಂದ್ರದಲ್ಲಿ ವಿಚಾರಿಸಬಹುದು. ಆಗ ಪ್ರಮಾಣವನ್ನೂ ಎಸ್‌ಆರ್ ಹೌದೋ ಅಲ್ಲವೋ ಎಂಬುದನ್ನೂ ಚೀಟಿಯೊಂದಿಗೆ ತಾಳೆ ನೋಡಬೇಕು.

ಕರಾವಳಿಯಿಂದ ಕೊಲ್ಲಿಗೆ ಹೋಗಿಬರುವ ಕುಟುಂಬಗಳು ವಿಶೇಷವಾಗಿ ಗಮನಿಸಬೇಕು. ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ ಪ್ರೀಗ್ಯಾಬಲಿನ್ ನಿಯಂತ್ರಿತ ಔಷಧ. ಮಗನನ್ನು ನೋಡಲು ದುಬೈಗೆ ಹೊರಟ ತಂದೆ ತಾಯಿ ಅದನ್ನು ಬ್ಯಾಗಿನಲ್ಲಿ ಹಾಕಿಕೊಂಡು ಹೋದರೆ ವಿಮಾನ ನಿಲ್ದಾಣದಲ್ಲಿ ತೊಂದರೆಗೆ ಸಿಕ್ಕಬಹುದು. ಪ್ರಯಾಣಕ್ಕೆ ಮೊದಲೇ ಅಲ್ಲಿನ ಸರ್ಕಾರದ ಅಧಿಕೃತ ಜಾಲತಾಣದಲ್ಲಿ ಅನುಮತಿ ಪಡೆದು, ವೈದ್ಯರ ಚೀಟಿ ಮತ್ತು ಪತ್ರವನ್ನು ಜೊತೆಗಿಟ್ಟು, ಮಾತ್ರೆಗಳನ್ನು ಮೂಲ ಸ್ಟ್ರಿಪ್‌ನಲ್ಲೇ ಒಯ್ಯಬೇಕು. ಬ್ರಿಟನ್ನಿನಲ್ಲಿಯೂ 2019ರ ಏಪ್ರಿಲ್ 1ರಿಂದ ಪ್ರೀಗ್ಯಾಬಲಿನ್ ಮತ್ತು ಗ್ಯಾಬಾಪೆಂಟಿನ್ ಎರಡೂ ನಿಯಂತ್ರಿತ ಔಷಧಗಳಾಗಿವೆ. ಚಟವಾಗಿ ದುರ್ಬಳಕೆಯಾಗುತ್ತಿರುವುದು ಅದಕ್ಕೆ ಕಾರಣ. ಮನೆಯಲ್ಲಿಯೂ ಇವನ್ನು ಮಕ್ಕಳ, ಹದಿಹರೆಯದವರ ಕೈಗೆ ಸಿಗದಂತೆ ಇಡಬೇಕು.

ತಡಮಾಡದೆ ನೆರವು ಪಡೆಯಬೇಕಾದ ಸಂದರ್ಭಗಳು ಹೀಗಿವೆ. ಎಬ್ಬಿಸಿದರೂ ಸರಿಯಾಗಿ ಎಚ್ಚರವಾಗದಿರುವುದು, ಉಸಿರು ನಿಧಾನವಾಗಿ ತುಟಿ ನೀಲಿಯಾಗುವುದು, ಮುಖ, ತುಟಿ, ನಾಲಿಗೆ ಊದಿಕೊಳ್ಳುವುದು, ಫಿಟ್ಸ್, ಮೂತ್ರ ಪೂರ್ತಿ ಕಟ್ಟಿಕೊಳ್ಳುವುದು, ಹಠಾತ್ತಾಗಿ ಕಣ್ಣುನೋವಿನೊಂದಿಗೆ ದೃಷ್ಟಿ ಮಂಜಾಗುವುದು. ಇವುಗಳಲ್ಲಿ ಯಾವುದಿದ್ದರೂ 108ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಹೋಗುವಾಗ ಸ್ಟ್ರಿಪ್‌ಗಳನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಈ ಗುಂಪಿನ ಔಷಧಗಳನ್ನು ಆರಂಭಿಸಿದ ಮೇಲೆ ಕೆಲವರ ಮನಸ್ಸು ಕುಗ್ಗಿ, ಬದುಕು ಸಾಕೆನ್ನುವ ಯೋಚನೆ ಬರುವುದುಂಟು. ನೋವೇ ಹಾಗೆ ಮಾಡಿದೆ ಎಂದು ಮನೆಯವರು ಸುಮ್ಮನಿರಬಾರದು. ವೈದ್ಯರಿಗೆ ತಿಳಿಸಬೇಕು, ಹಗಲಾಗಲಿ ರಾತ್ರಿಯಾಗಲಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕನ್ನಡದಲ್ಲೇ ಮಾತನಾಡಬಹುದು. ಔಷಧದಿಂದ ಆದ ಯಾವುದೇ ತೊಂದರೆಯನ್ನು ರೋಗಿಗಳೇ ನೇರವಾಗಿ ದೇಶದ ಔಷಧ ಸುರಕ್ಷತಾ ಜಾಲದ ಉಚಿತ ದೂರವಾಣಿ 1800 180 3024ಕ್ಕೆ ವರದಿ ಮಾಡಬಹುದು. ಕರೆ ಮಾಡುವಾಗ ಮಾತ್ರೆಯ ಹೆಸರು, ಬ್ಯಾಚ್ ಸಂಖ್ಯೆ ಮತ್ತು ಆರಂಭಿಸಿದ ದಿನಾಂಕ ಕೈಯಲ್ಲಿರಲಿ.